ಶಾವಿಗೆ ಕೋಲಿನ ಸೇತುವೆ

ಹದಿನಾಲ್ಕು ವರ್ಷ ಕಚೇರಿಯಲ್ಲಿ ಕೂತು ಬೇರೆಯವರು ಬರೆದದ್ದನ್ನು ನಕಲು ಮಾಡಿದವನಿಗೆ ಒಂದು ರೋಗ ಹತ್ತುತ್ತದೆ. ಕೂತಲ್ಲಿ ಕೂರಲಾಗುವುದಿಲ್ಲ. ನನಗೆ ಅದು ಹತ್ತಿತ್ತು. ಕಾಲು ತಾನಾಗಿಯೇ ಅಲ್ಲಾಡುತ್ತಿತ್ತು, ಬೆರಳು ಮೇಜು ಕುಟ್ಟುತ್ತಿತ್ತು. ಊಟಕ್ಕೆ ಕೂತರೆ ರೊಟ್ಟಿ ಹರಿದು ಹರಿದು ತಾಟಿನ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದೆ.

"ಉಣ್ಣೂದು ಅಂದ್ರ ಬಾಯಾಗ ಇಟ್ಕೊಳ್ಳೂದು ರೀ" ಎಂದು ನನ್ನ ಹೆಂಡತಿ ಶೇಖರಮ್ಮ ದಿನಕ್ಕೆರಡು ಸಲ ನೆನಪು ಮಾಡುತ್ತಿದ್ದಳು.

ನಾನು ಉಮಾಪತಿ. ಕೊಪ್ಪಳದಲ್ಲಿ ರಸ್ತೆ, ಕಟ್ಟಡ, ಸೇತುವೆ ನೋಡಿಕೊಳ್ಳುವ ಸರಕಾರಿ ಕಚೇರಿಯ ಮುನ್ಷಿ. ಸೇತುವೆ ಎಂದೆನಲ್ಲ, ಈ ಕೈಯಿಂದ ಒಂದು ಸೇತುವೆಯೂ ಆಗಿರಲಿಲ್ಲ. ಸೇತುವೆಗಳ ಬಗ್ಗೆ ಬಂದ ಕಾಗದಗಳನ್ನು ಉರ್ದುವಿನಲ್ಲಿ ಮುತ್ತು ಪೋಣಿಸಿದ ಹಾಗೆ ಬರೆದು ಮೇಲಕ್ಕೆ ಕಳಿಸುವುದಷ್ಟೇ ನನ್ನ ಪಾಲಿನ ರಾಜಕಾರ್ಯ.

ಮುನಿರಾಬಾದಿನ ಹತ್ತಿರ ಹೊಳೆಗೆ ಅಣೆಕಟ್ಟಿನ ಕೆಲಸ ಶುರುವಾದ ಮರುವರ್ಷದ ಬೇಸಿಗೆ ಅದು. ಬೀದರದ ಕಡೆಯ ಹೊಸ ಇಂಜಿನಿಯರ್ ಸಾಹೇಬರು ನಮ್ಮ ಕಚೇರಿಗೆ ಬಂದರು. ಅರ್ಧ ಉರ್ದು, ಅರ್ಧ ಕನ್ನಡ ಮಾತಾಡುವ, ಮಾತಿಗಿಂತ ಹೆಚ್ಚು ಸುಮ್ಮನಿರುವ ಮನುಷ್ಯ. ಒಂದು ಗುರುವಾರ ಎಲ್ಲರನ್ನೂ ಕೂಡಿಸಿ ಹೇಳಿದರು: ಹಿಟ್ನಾಳದ ಕಡೆ ಹೋಗುವ ಕಾಲುದಾರಿಯಲ್ಲಿ ಒಂದು ಹಳ್ಳ ಇದೆ. ಮಳೆಗಾಲದಲ್ಲಿ ಅದು ಬಂತೆಂದರೆ ಜನ ಆಚೆ ದಡದಲ್ಲೇ ನಿಲ್ಲುತ್ತಾರೆ. ಅಲ್ಲಿಗೆ ಕಟ್ಟಿಗೆಯ ಒಂದು ಕಾಲುಸೇತುವೆ ಆಗಬೇಕು. ಯಾರಿಗೆ ಬುದ್ಧಿ ಇದೆಯೋ ಅವರು ಬರುವ ಗುರುವಾರ ಅದರ ಮಾದರಿ ಮಾಡಿ ತರಲಿ. ಎರಡು ಗಜ ಉದ್ದ. ಕೋಲುಗಳು ಮೊಳಕ್ಕಿಂತ ಬಹಳ ಉದ್ದ ಇರಬಾರದು, ಹೆಬ್ಬೆರಳಿಗಿಂತ ದಪ್ಪ ಇರಬಾರದು. ಒಂದು ಮೊಳೆಯನ್ನೂ ಹೊಡೆಯಬಾರದು. ಮೇಲೆ ಜೋಳದ ಚೀಲ ಇಟ್ಟರೆ ತಡೆಯಬೇಕು.

ಕೊನೆಗೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. ಅಣೆಕಟ್ಟಿನ ಕ್ಯಾಂಪಿನಲ್ಲಿ ನಕ್ಷೆ ಬರೆಯುವವನ ಹುದ್ದೆಯೊಂದು ಖಾಲಿ ಇದೆ.

ಅಷ್ಟು ಕೇಳಿದ್ದೇ ನನ್ನ ಎರಡೂ ಕಾಲು ಅಲ್ಲಾಡಲು ಹತ್ತಿದವು. ಹದಿನಾಲ್ಕು ವರ್ಷದ ನಕಲಿನ ಸೆರೆಮನೆಗೆ ಬಾಗಿಲೊಂದು ತೆರೆದ ಹಾಗಾಯಿತು. ಮುಂದೆ ಬಂದವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ನನ್ನ ಪಕ್ಕದ ಮೇಜಿನ ಈಶಪ್ಪ, ಗೆರೆ ಎಳೆದರೆ ಕೂದಲೆಳೆಯ ಹಾಗೆ ಎಳೆಯುವವನು. ಅವನು ಅಂದೇ ದೊಡ್ಡ ಹಾಳೆ ಹಾಸಿಕೊಂಡು ಸೇತುವೆಯ ಚಿತ್ರ ಬರೆಯುತ್ತಾ ಕೂತ. ನನಗೆ ನಗು ಬಂತು. ಹಾಳೆಯ ಮೇಲೆ ಜೋಳದ ಚೀಲ ಇಡಲಿಕ್ಕಾಗುತ್ತದೆಯೆ?

ಶುಕ್ರವಾರ ಕಚೇರಿಗೆ ರಜೆ, ಆಗಿನ ಉರ್ದು ಸರಕಾರದಲ್ಲಿ ವಾರದ ರಜೆ ಅಂದೇ. ಬೆಳಗಿನಿಂದ ಕೋಲಿನ ಅನ್ವೇಷಣೆ. ಬೇವಿನ ಟೊಂಗೆ ತಂದೆ, ಡೊಂಕು. ತೊಗರಿ ಕಟ್ಟಿಗೆ ತಂದೆ, ಮುರಿದರೆ ಪಟ್ಟೆಂದು ಪುಡಿ. ಹತ್ತಿ ಕಟ್ಟಿಗೆಗೆ ಗಂಟುಗಳೇ ಜಾಸ್ತಿ. ಶನಿವಾರ ಶೇಖರಮ್ಮ ಹಿಟ್ನಾಳದ ಅಕ್ಕನ ಮನೆಗೆ ಮೂರು ದಿನಕ್ಕೆಂದು ಹೊರಟಳು. ಅವಳ ಬಂಡಿ ಓಣಿ ತಿರುಗಿದ್ದೇ ತಡ, ನಾನು ಅಟ್ಟ ಹತ್ತಿದೆ. (ಅವಳಿದ್ದಾಗ ಅಟ್ಟ ಹತ್ತುವ ಧೈರ್ಯ ನನಗಿಲ್ಲ. ಅಲ್ಲಿ ಪ್ರತಿಯೊಂದು ಗಡಿಗೆಗೂ ಅವಳು ಕೊಟ್ಟ ಜಾಗವಿದೆ, ಅದು ಒಂದು ಬೆರಳು ಸರಿದರೂ ಗೊತ್ತಾಗುತ್ತದೆ.)

ಅಟ್ಟದ ಮೂಲೆಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಕಟ್ಟೊಂದಿತ್ತು. ಬಿಚ್ಚಿದೆ. ಅಬ್ಬಾ, ಎಂಥ ಕೋಲುಗಳು. ಒಂದೇ ಉದ್ದ, ಒಂದೇ ದಪ್ಪ, ನೆಟ್ಟಗೆ, ನುಣ್ಣಗೆ, ಬೆಣ್ಣೆ ಸವರಿದ ಹಾಗೆ. ಎಣಿಸಿದೆ, ಅರವತ್ತು. ಇವು ಯಾತಕ್ಕೆ, ಯಾರವು ಎಂದು ಒಂದು ಗಳಿಗೆ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಯೋಚಿಸಲಿಲ್ಲ.

ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜ ಅರೆದು ಅಂಟು ಮಾಡುವುದನ್ನು ನೋಡಿದ್ದೆ. ನಾನೂ ಬೀಜ ನೆನೆಸಿದೆ, ಅರೆದೆ, ಕುದಿಸಿದೆ. ಪಾತ್ರೆ ತಳ ಹಿಡಿಯಿತು, ಕದಡುವ ಹುಟ್ಟು ಪಾತ್ರೆಗೆ ಅಂಟಿತು, ನನ್ನ ಎರಡು ಬೆರಳು ಹುಟ್ಟಿಗೆ ಅಂಟಿದವು. ಆದರೂ ಬಿಡಲಿಲ್ಲ. ನಿಂತ ಕೋಲು, ಅಡ್ಡ ಕೋಲು, ಮತ್ತೆ ನಿಂತ ಕೋಲು, ಹೀಗೆ ಏಣಿಗೆ ಏಣಿ ಜೋಡಿಸಿದ ಹಾಗೆ ಅಂಟಿಸಿ, ಹುರಿಯಿಂದ ಬಿಗಿದು, ಸೋಮವಾರದ ಹೊತ್ತಿಗೆ ಐವತ್ತೆರಡು ಕೋಲಿನ ಭವ್ಯ ಸೇತುವೆಯನ್ನು ನಿಲ್ಲಿಸಿದೆ. ಅಂಗಳದ ಎರಡು ಕಟ್ಟೆಗಳ ನಡುವೆ ಅದು ನಿಂತದ್ದು ನೋಡಿ ನನಗೇ ನನ್ನ ಬಗ್ಗೆ ಗೌರವ ಬಂತು.

ಮಂಗಳವಾರ ಕಚೇರಿಯಿಂದ ಬಂದು ಪರೀಕ್ಷೆಗೆ ನಿಂತೆ. ತಾಮ್ರದ ಹಂಡೆಯನ್ನು ಸೇತುವೆಯ ನಡುವೆ ಇಟ್ಟು ಒಂದೊಂದೇ ಕೊಡ ನೀರು ಸುರಿದೆ. ಒಂದು ಕೊಡಕ್ಕೆ ಸೇತುವೆ ಅಲ್ಲಾಡಲಿಲ್ಲ. ಎರಡಕ್ಕೆ ಕಿರ್ರೆಂದಿತು. ಮೂರನೆಯದಕ್ಕೆ ಒಂದು ಕೋಲೂ ಮುರಿಯದೆ, ಒಂದು ಗಂಟೂ ಬಿಚ್ಚದೆ, ನಿದ್ದೆ ಬಂದವರ ಹಾಗೆ ಇಡೀ ಸೇತುವೆ ಮೆಲ್ಲಗೆ ಪಕ್ಕಕ್ಕೆ ವಾಲಿತು. ಹಂಡೆ ಉರುಳಿತು. ನೀರು ಅಂಗಳ ದಾಟಿ ಪಕ್ಕದ ಮನೆಯ ಖಾಜಾಬೀಯ ಹೊಸ್ತಿಲಿಗೆ ಹೋಯಿತು. ಅದೇ ಗಳಿಗೆಗೆ ಬಾಗಿಲಲ್ಲಿ ಬಂಡಿ ನಿಂತಿತು. ಶೇಖರಮ್ಮ ಇಳಿದಳು.

ಅವಳು ಹಂಡೆಯನ್ನು ನೋಡಲಿಲ್ಲ, ನೀರನ್ನೂ ನೋಡಲಿಲ್ಲ. ಕೋಲುಗಳನ್ನು ನೋಡಿದಳು.

"ಇವು ಎಲ್ಲಿದ್ವು?"

"ಅಟ್ಟದ ಮ್ಯಾಲ ಯಾರವೋ ಬಿದ್ದಿದ್ವು."

"ನಮ್ಮ ಮನಿ ಅಟ್ಟದ ಮ್ಯಾಲ ಯಾರರೆ ಬಂದು ಒಗದು ಹೋಗ್ಯಾರೇನು? ನಮ್ಮವ್ವ ಹನುಮಸಾಗರದಿಂದ ಹೊತ್ತು ತಂದು ಕೊಟ್ಟ ಶಾವಿಗಿ ಕೋಲು ಅವು. ನಾಳೆ ಓಣ್ಯಾಗಿನ ನಾಕು ಮನಿ ಶಾವಿಗಿ ನಮ್ಮ ಅಂಗಳದಾಗ ಐತಿ. ಇನ್ನ ಶಾವಿಗಿ ಎದರ ಮ್ಯಾಲ ಒಣ ಹಾಕೂದು, ನಿಮ್ಮ ತೋಳಿನ ಮ್ಯಾಲೇನು?"

"ಶಾವಿಗಿಗೆ ಇನ್ನೂ ತಿಂಗಳೈತಿ ಅಂದಿದ್ದಿ."

"ಹೋದ ತಿಂಗಳು ಅಂದಿದ್ದೆ."

ಮಾತು ತಿರುಗಿಸಿದೆ. ಹುದ್ದೆಯ ವಿಷಯ ಹೇಳಿದೆ. ಗುರುವಾರ ಮಧ್ಯಾಹ್ನದವರೆಗೆ ಬಿಟ್ಟರೆ ಸಾಕು, ಆಮೇಲೆ ನಾನೇ ಒಂದೊಂದು ಕೋಲನ್ನೂ ಬಿಚ್ಚಿ, ತೊಳೆದು, ಎಣ್ಣೆ ಸವರಿ ಕೊಡುತ್ತೇನೆ ಎಂದೆ. ಹದಿನಾಲ್ಕು ವರ್ಷ ನಕಲು ಮಾಡಿ ಮಾಡಿ ಕೈ ಸತ್ತಿದೆ ಎಂದೂ ಹೇಳಿದೆ. ಅದನ್ನು ಮಾತ್ರ ನಾನು ನಾಟಕಕ್ಕೆ ಹೇಳಿದ್ದಲ್ಲ. ಅವಳಿಗೂ ಅದು ಗೊತ್ತಾಯಿತೆಂದು ಕಾಣುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೇತುವೆಯ ಸುತ್ತ ಒಂದು ಸುತ್ತು ಬಂದಳು. ಒಂದು ಬೆರಳಿನಿಂದ ದೂಡಿದಳು. ಅದು ವಾಲಿತು.

"ಬರೇ ನಿಂತ ಕೋಲು, ಮಲಗಿದ ಕೋಲು. ಮೂಲಿಯಿಂದ ಮೂಲಿಗೆ ಒಂದೊಂದು ಕಟ್ಟಬೇಕು. ಹಿತ್ತಲ ತಟ್ಟಿ ಬಾಗಲಾ ಜೋತು ಬಿದ್ದಾಗ ನಾ ಹಂಗ ಕಟ್ಟಿದ್ದೆ ನೋಡ್ರಿ."

"ಇದು ಹಿತ್ತಲ ಬಾಗಲಾ ಅಲ್ಲ, ಸೇತುವಿ. ಇದಕ್ಕೊಂದು ಶಾಸ್ತ್ರ ಐತಿ."

"ಶಾಸ್ತ್ರ ಇದ್ರ ನೀರು ಯಾಕ ಚೆಲ್ಲಿತು?"

"ಹಂಡೆದ ತಳ ಸಮ ಇಲ್ಲ."

ಅವಳು ಹಂಡೆಯನ್ನು ಎತ್ತಿ ನೆಲದ ಮೇಲೆ ಇಟ್ಟಳು. ಅದು ಬಂಡೆಯ ಹಾಗೆ ಕೂತಿತು. ಬಳಿಕ ಒಳಗೆ ಹೋದಳು. ಅವಳು ಸೋತಳೆಂದು ನಾನು ತಿಳಿದೆ. (ಮದುವೆಯಾಗಿ ಹದಿನೆಂಟು ವರ್ಷವಾದರೂ ಗಂಡಸರು ಇಂಥ ಹೊತ್ತಿನಲ್ಲಿ ಹೀಗೆಯೇ ತಿಳಿಯುತ್ತಾರೆ.)

ಬುಧವಾರ ಕಚೇರಿಯಲ್ಲಿ ನನ್ನ ಜೀವ ಒಂದು ಕಡೆ ನಿಲ್ಲಲಿಲ್ಲ. ಬರೆದ ಕಾಗದದಲ್ಲಿ ಎರಡು ಕಡೆ 'ಸಾಹೇಬರು' ಎಂಬಲ್ಲಿ 'ಸೇತುವೆ' ಎಂದು ಬರೆದಿದ್ದೆ. ಐದು ಸಲ ನೀರು ಕುಡಿದೆ, ಆರು ಸಲ ಹೊರಗೆ ಹೋದೆ. ಈಶಪ್ಪ ತನ್ನ ಹಾಳೆಯನ್ನು ಕೊಳವೆಯಾಗಿ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಕಪಾಟಿನಲ್ಲಿ ಇಟ್ಟ. ಬಿದಿರಿನ ಸೀಳುಗಳಿಂದ ತೆಳ್ಳನೆಯ ಸೇತುವೆಯನ್ನೂ ಮಾಡಿಕೊಂಡಿದ್ದ. ನೋಡಲಿಕ್ಕೆ ಚಂದ ಇತ್ತು, ಅದು ನನಗೆ ಇನ್ನಷ್ಟು ಕಿರಿಕಿರಿ.

ಹೊತ್ತು ಇಳಿಯುವ ಮೊದಲೇ ಮನೆಗೆ ಓಡಿದೆ. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತೆ.

ನನ್ನ ಸೇತುವೆ ಕಾಣುತ್ತಿರಲಿಲ್ಲ. ಅದಿದ್ದ ಜಾಗದಲ್ಲಿ ಬಿಳಿಯ ಜಲಪಾತವೊಂದು ತೂಗುತ್ತಿತ್ತು. ಮೇಲಿನ ಸಾಲು ಬಿಟ್ಟು ಕೆಳಗಿನ ಅಡ್ಡ ಕೋಲುಗಳ ಮೇಲೆಲ್ಲ ಶಾವಿಗೆ. ಈ ತುದಿಯಿಂದ ಆ ತುದಿಗೆ, ಒಳಗೆ, ಹೊರಗೆ, ಎಳೆ ಎಳೆಯಾಗಿ ನೂರಾರು ಎಳೆ. ಪಕ್ಕದಲ್ಲಿ ಶಾವಿಗೆ ಮಣೆಯ ಮೇಲೆ ಖಾಜಾಬೀ ಕಡೆಯ ಮುದ್ದೆಯನ್ನು ಹೊಸೆಯುತ್ತಿದ್ದಳು. ಕಟ್ಟೆಯ ಮೇಲೆ ಓಣಿಗೆಲ್ಲ ಹಿರಿಯಳಾದ ಫಕೀರಮ್ಮ ಕೈಯಲ್ಲಿ ಟವೆಲು ಹಿಡಿದು ಕಾಗೆ ಓಡಿಸುತ್ತಾ ಕೂತಿದ್ದಳು.

"ಏನಿದು?" ಎಂದೆ.

"ಅರ್ಧ ಹಾಕೂದ್ರಾಗ ನಿಮ್ಮ ಸೇತುವಿ ವಾಲಾಕ ಹತ್ತಿತ್ತು" ಎಂದಳು ಶೇಖರಮ್ಮ. "ಉಳಿದ ಎಂಟು ಕೋಲು, ಖಾಜಾಬೀ ಮನಿವು ಹನ್ನೆರಡು, ಇಪ್ಪತ್ತು ಮೂಲಿಗೆ ಇಪ್ಪತ್ತು ಕಟ್ಟೀನಿ. ಈಗ ದೂಡಿ ನೋಡ್ರಿ."

ದೂಡಲಿಲ್ಲ. ಅಭಿಮಾನ ಬಿಡಲಿಲ್ಲ. "ನಾಳೆ ಮುಂಜಾನಿ ಇದು ಕಚೇರ್ಯಾಗ ಇರಬೇಕು. ಇದನ್ನ ತೆಗದು ಬ್ಯಾರೆ ಕಡೆ ಹಾಕು" ಎಂದೆ.

ಫಕೀರಮ್ಮ ಟವೆಲು ಕೆಳಗಿಟ್ಟಳು. "ತಮ್ಮಾ, ಇವತ್ತು ಮೋಡ ಆಗಿತ್ತು. ಶಾವಿಗಿ ಇನ್ನೂ ಹಸೀ ಐತಿ. ಈಗ ಕೈ ಹಚ್ಚಿದ್ರ ಮುದ್ದಿ ಆಕ್ಕೈತಿ, ನಾಳೆ ಮುಂಜಾನಿ ಅರೆ ಒಣಗಿದ್ದಾಗ ಹಚ್ಚಿದ್ರ ಚೂರು ಆಕ್ಕೈತಿ. ಇದು ನನ್ನ ಮಗಳ ಗಂಡನ ಮನಿಗೆ ಹೋಗೋ ಶಾವಿಗಿ. ಚೂರು ಕಳಿಸಿದ್ರ ಬೀಗತಿ ವರ್ಷ ಪೂರ್ತಿ ಅದನ್ನ ಆಡ್ತಾಳ. ನಾಳೆ ಮಧ್ಯಾಹ್ನದ ತನಕ ಯಾರೂ ಮುಟ್ಟೂದಿಲ್ಲ."

"ಅಲ್ಲವ್ವಾ, ನನ್ನ ನೌಕರಿ."

"ನಿನ್ನ ನೌಕರಿ ಐತಲ್ಲ, ಎಲ್ಲಿ ಹೊಕ್ಕೈತಿ? ನನಗ ಬೀಗತಿ ಒಬ್ಬಾಕಿನ."

ನಾಲ್ಕು ಮನೆಯ ಗೋಧಿ, ಒಂದು ವರ್ಷದ ಶಾವಿಗೆ, ಬೀಗತಿಯ ಬಾಯಿ. ಇವುಗಳ ಎದುರು ನನ್ನ ನಕ್ಷೆ ಹುದ್ದೆ ಎಷ್ಟು ಹೊತ್ತು ನಿಂತೀತು? ಕೊನೆಗೆ ದಾರಿ ತೋರಿಸಿದವಳೂ ಶೇಖರಮ್ಮನೇ. "ಶಾವಿಗಿ ಸಮೇತ ಒಯ್ರಿ. ನಾವೂ ಬರ್ತೀವಿ."

ಮರುದಿನ ಬೆಳಗ್ಗೆ ನಮ್ಮ ಓಣಿಯಿಂದ ಹೊರಟ ಮೆರವಣಿಗೆಯನ್ನು ಕೊಪ್ಪಳದವರು ಬಹಳ ದಿನ ಮರೆಯಲಿಲ್ಲ. ಸೇತುವೆಯ ಮುಂದಿನ ತುದಿ ಕಚೇರಿಯ ಜವಾನ ಮಾರೆಪ್ಪನ ಹೆಗಲ ಮೇಲೆ, ಹಿಂದಿನ ತುದಿ ನನ್ನ ಹೆಗಲ ಮೇಲೆ. ನಡುವೆ ಶಾವಿಗೆ ತೂಗುತ್ತಿತ್ತು. ಎಡಕ್ಕೆ ಫಕೀರಮ್ಮ ಟವೆಲು ಬೀಸುತ್ತಾ, ಬಲಕ್ಕೆ ಖಾಜಾಬೀ ಎಳೆಗಳಿಗೆ ಕೈ ಆಸರೆ ಕೊಡುತ್ತಾ, ಹಿಂದೆ ಶೇಖರಮ್ಮ. "ಮೆಲ್ಲಕ, ಮಾರೆಪ್ಪ, ಮೆಲ್ಲಕ" ಎಂದು ಫಕೀರಮ್ಮ ಹೆಜ್ಜೆ ಹೆಜ್ಜೆಗೆ ಹೇಳುತ್ತಿದ್ದಳು. ಸಂತೆಗೆ ಹೊರಟಿದ್ದ ಮುದುಕನೊಬ್ಬ ತಲೆಯ ಬುಟ್ಟಿ ಇಳಿಸಿ ಕೈಮುಗಿದು, "ಯಾವ ಊರ ದೇವರ್ರಿ?" ಎಂದು ಕೇಳಿದ. ಮಾರೆಪ್ಪ ಉತ್ತರ ಕೊಟ್ಟ: "ಮುನ್ಷಿಯವರ ಮನಿ ದೇವರು."

ಕಚೇರಿಯ ಅಂಗಳದಲ್ಲಿ ಸೇತುವೆಯ ಎರಡು ತುದಿ ಇಡಲು ಎರಡು ಮೇಜು ದೂರ ದೂರ ಹಾಕಿದ್ದರು. ಮೊದಲು ಈಶಪ್ಪನದು. ಅವನ ಸೇತುವೆಯ ಮೇಲೆ ಚೀಲ ಇಟ್ಟು ಮಾರೆಪ್ಪ ಕೈ ಬಿಟ್ಟನೋ ಇಲ್ಲವೋ, ಬಿದಿರು ಸೀಳಿತು. ಚೀಲ ನೆಲಕ್ಕೆ. ಈಶಪ್ಪ ಮುಖ ಸಣ್ಣದು ಮಾಡಿಕೊಂಡು ಹಾಳೆ ಬಿಚ್ಚಿ ಚಿತ್ರ ತೋರಿಸಿದ. ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು. ನನಗೆ ಆಗ ಅದು ಬರೀ ಅವನಿಗೆ ಸಮಾಧಾನ ಹೇಳುವ ನೋಟವೆಂದು ಕಂಡಿತು.

ನನ್ನದರ ಎದುರು ಬಂದು ನಿಂತರು. "ಇದೇನು?"

"ಸೇತುವೆ, ಸಾಹೇಬ್ರ."

"ಇದು?"

ನಾನು ಹೇಳುವ ಮೊದಲೇ, ಮೂವರು ಹೆಂಗಸರೂ ನಿಂತಿದ್ದ ಅಂಗಳದ ಬೇವಿನ ಗಿಡದ ಕೆಳಗಿಂದ ಫಕೀರಮ್ಮ ಹೇಳಿದಳು: "ಶಾವಿಗಿ ಐತ್ರಿ. ಮ್ಯಾಲ ಏನರೆ ಇಡ್ರಿ, ಕೆಳಗ ಮಾತ್ರ ಕೈ ಹಚ್ಚಬ್ಯಾಡ್ರಿ."

ಸಾಹೇಬರು ತಲೆಯಾಡಿಸಿದರು. ಚೀಲ ಇಟ್ಟರು. ಸೇತುವೆ ಮಿಸುಕಲಿಲ್ಲ. ಎರಡನೆಯ ಚೀಲ ಇಟ್ಟರು. ಕಿರ್ರೆನ್ನಲಿಲ್ಲ. ಕೊನೆಗೆ ಎರಡೂ ಚೀಲಗಳ ನಡುವೆ ಮಾರೆಪ್ಪನನ್ನೇ ಹತ್ತಿಸಿ ಕೂರಿಸಿದರು. ಅವನು ಬಸವಣ್ಣನ ಹಾಗೆ ಕೂತ. ಕೆಳಗೆ ಒಂದು ಎಳೆ ಶಾವಿಗೆಯೂ ತುಂಡಾಗಲಿಲ್ಲ. ಅಂಗಳದಲ್ಲಿ ನಿಂತ ಜನ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಎದೆ ಊದಿ ಅಂಗಿಯ ಗುಂಡಿಗಳು ಬಿಗಿಯಾದವು.

ಸಾಹೇಬರು ಬಗ್ಗಿ, ಮೂಲೆಯಿಂದ ಮೂಲೆಗೆ ಕಟ್ಟಿದ ಕೋಲುಗಳನ್ನು ಬೆರಳಿನಿಂದ ಮುಟ್ಟುತ್ತಾ ಹೋದರು. "ಎಲ್ಲ ಜೋರು ಇಲ್ಲಿ ಐತಿ. ಈ ಅಡ್ಡಾದಿಡ್ಡಿ ಕೋಲು ಯಾರ ವಿಚಾರ?"

ಆಗ ನಾನು ಬೇವಿನ ಗಿಡದ ಕಡೆ ನೋಡಬೇಕಿತ್ತು. ನೋಡಲಿಲ್ಲ. "ನಂದ್ರಿ ಸಾಹೇಬ್ರ. ಲೆಕ್ಕ ಹಾಕಿ ಹಾಕೀನಿ" ಎಂದೆ. ಹೇಳಿದ ಮೇಲೆ ಬೆನ್ನಿನ ಮೇಲೆ ಏನೋ ಸುಡುವ ಹಾಗಾಯಿತು. ಬಿಸಿಲಿರಬೇಕು ಎಂದುಕೊಂಡೆ. (ನಾನು ನಿಂತದ್ದು ನೆರಳಲ್ಲಿ.)

"ಬಹುತ್ ಅಚ್ಛಾ" ಎಂದರು ಸಾಹೇಬರು. ಮಾರೆಪ್ಪನನ್ನು ಇಳಿಸಿ, ಚೀಲ ತೆಗೆಸಿ, ತುದಿಯ ಒಂದು ಗಂಟನ್ನು ತಾವೇ ಬಿಚ್ಚಿದರು. "ಈ ಗಂಟು ನಾ ಎಲ್ಲೂ ನೋಡಿಲ್ಲ. ಕಟ್ಟಿ ತೋರಸ್ರಿ."

ಹುರಿ ಕೈಗೆ ಬಂತು. ಒಂದು ಸುತ್ತು ಹಾಕಿದೆ, ಜಾರಿತು. ಎರಡು ಸುತ್ತು ಹಾಕಿ ಎಳೆದೆ, ನಿಂತಿತು, ಆದರೆ ನನ್ನ ತೋರುಬೆರಳು ಕೋಲಿನ ಜೊತೆಗೆ ಒಳಗೆ ಸೇರಿತ್ತು. ಇನ್ನೊಂದು ಕೈಯಿಂದ ಬಿಡಿಸಲು ಹೋದೆ, ಇನ್ನಷ್ಟು ಬಿಗಿಯಿತು. ಮಾರೆಪ್ಪ ಕೆಮ್ಮಿದ. ಅವನಿಗೆ ಕೆಮ್ಮು ಇರಲಿಲ್ಲ.

ಶೇಖರಮ್ಮ ಸೆರಗು ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಬಂದಳು. "ಬೆರಳು ತಗೀರಿ" ಎಂದಳು, ಅಷ್ಟೆ. ಗಂಟು ಸಡಿಲಿಸಿ ನನ್ನನ್ನು ಬಿಡುಗಡೆ ಮಾಡಿ, ಕೋಲನ್ನು ಮೂಲೆಗೆ ಒತ್ತಿ, ಹುರಿಯನ್ನು ಮೇಲಿಂದೊಮ್ಮೆ, ಕೆಳಗಿಂದೊಮ್ಮೆ, ಸುತ್ತಿನ ಹೊಟ್ಟೆಯೊಳಗಿಂದೊಮ್ಮೆ ತಂದು ಎಳೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಸಾಹೇಬರು ಇನ್ನೊಮ್ಮೆ ಎಂದರು. ಅವಳು ಇನ್ನೊಮ್ಮೆ ಕಟ್ಟಿದಳು, ಈ ಸಲ ಮೆಲ್ಲಗೆ. ಅವರು ಜೇಬಿನ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಹುದ್ದೆ ಯಾರಿಗೆಂದು ಕಾಗದ ಬರೆದು ತಿಳಿಸುವುದಾಗಿ ಹೇಳಿ ಹೊರಟರು.

ಮನೆಗೆ ಬರುವ ದಾರಿಯಲ್ಲಿ ಶೇಖರಮ್ಮ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಶಾವಿಗೆ ಒಣಗಿತೆ ಎಂದು ಮುರಿದು ನೋಡಿದಳು. ಮಧ್ಯಾಹ್ನ ಅದನ್ನು ಇಳಿಸಿ ಗಡಿಗೆಗೆ ತುಂಬಿದರು. ಮಗಳ ಪಾಲು ಇಡಿಯಾಗಿ ಉಳಿದದ್ದಕ್ಕೆ ಫಕೀರಮ್ಮ ನನಗೆ ಒಳ್ಳೆಯದಾಗಲಿ ಎಂದು ಹರಸಿದಳು. ಸಂಜೆ ನಾನೇ ಬಾಯಿ ಬಿಟ್ಟೆ.

"ನಾ ಅಲ್ಲಿ ಹಂಗ ಅನ್ನಬಾರದಿತ್ತು."

"ಹೌದು, ಅನ್ನಬಾರದಿತ್ತು" ಎಂದಳು. ಮತ್ತೆ ರೊಟ್ಟಿ ಬಡಿಯುವುದು ಮುಂದುವರಿಯಿತು.

ಆಮೇಲಿನ ಏಳು ದಿನ ಕಾಯುವಿಕೆ. ಈಗ ನನ್ನ ರೋಗ ಉಲ್ಬಣಿಸಿತ್ತು. ಕದ ಸದ್ದಾದರೆ ಏಳುವುದು, ಟಾಂಗಾ ಹೋದರೆ ಇಣುಕುವುದು. ಸಾಹೇಬರು ಕ್ಯಾಂಪಿಗೆ ಹೋಗಿದ್ದರು. ಸೇತುವೆಯಂತೂ ಗೆದ್ದಿದೆ, ಈಶಪ್ಪನದು ಮುರಿದಿದೆ. ಗಂಟು ಯಾರು ಕಟ್ಟಿದರೇನು, ಮನೆ ನನ್ನದು, ಕೋಲು ನನ್ನ ಅಟ್ಟದವು. ಹೀಗೆ ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ.

ಎಂಟನೆಯ ದಿನ ಶುಕ್ರವಾರ. ಪಡಸಾಲೆಯಲ್ಲಿ ಫಕೀರಮ್ಮ, ಖಾಜಾಬೀ, ಶೇಖರಮ್ಮ ಮೂವರೂ ಜೋಳ ಹಸನು ಮಾಡುತ್ತಿದ್ದರು. ಮಾರೆಪ್ಪ ಬಂದು ಮೊಹರು ಬಿದ್ದ ಲಕೋಟೆ ಕೊಟ್ಟ. ಒಡೆದೆ. ಉರ್ದುವಿನಲ್ಲಿ ಎಂಟು ಸಾಲು. ಮನಸ್ಸಿನಲ್ಲೇ ಓದಿದೆ. ಓದಿ ಮುಗಿಸುವಷ್ಟರಲ್ಲಿ ನನ್ನ ಕಾಲು ಅಲ್ಲಾಡುವುದು ನಿಂತಿತ್ತು.

"ಏನಂತ ಬರದಾರ?" ಎಂದಳು ಶೇಖರಮ್ಮ. ಮೂರು ಮೊರಗಳೂ ನಿಂತವು.

ಆ ಮೂವರ ಮುಖದಲ್ಲಿದ್ದ ಆಸೆಯನ್ನು ನೋಡಿ ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಟಿತು. ಗಂಟಲು ಸರಿಮಾಡಿಕೊಂಡು, ಕಾಗದ ಎತ್ತರಕ್ಕೆ ಹಿಡಿದು ಓದಿದೆ: "ಮೆಹರ್‌ಬಾನ್ ಉಮಾಪತಿ ಸಾಹೇಬರಿಗೆ. ತಮ್ಮ ಬುದ್ಧಿ ನೋಡಿ ಇಡೀ ಕ್ಯಾಂಪು ಬೆರಗಾಗಿದೆ. ತಮ್ಮಂಥವರನ್ನು ಕಚೇರಿಯಿಂದ ಬಿಡಲು ಮನಸ್ಸು ಬಾರದು. ಆದಕಾರಣ ಸದ್ಯಕ್ಕೆ ತಾವು ಅಲ್ಲಿಯೇ—"

"ಹಂಗ ಇಲ್ಲಲ್ರಿ, ಮುನ್ಷಿ ಅಣ್ಣಾರ" ಎಂದಳು ಖಾಜಾಬೀ ಮೆತ್ತಗೆ. ಅವಳು ಯಾವಾಗಲೋ ಎದ್ದು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಳು. ಅವಳು ಓದಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ಯಲಬುರ್ಗಿಯಲ್ಲಿ ಅವಳ ತಂದೆ ಮಕ್ಕಳಿಗೆ ಓದು ಕಲಿಸುತ್ತಿದ್ದರಂತೆ. ಒಂದೇ ಓಣಿಯಲ್ಲಿ ಒಂಬತ್ತು ವರ್ಷ ಇದ್ದೂ ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ನೀನ ಓದವ್ವಾ" ಎಂದಳು ಫಕೀರಮ್ಮ.

ಖಾಜಾಬೀ ಕಾಗದ ಇಸಿದುಕೊಂಡು ಸಾಲಿನ ಕೆಳಗೆ ಬೆರಳಿಟ್ಟು, ಉರ್ದುವನ್ನು ನಮ್ಮ ಮಾತಿಗೆ ಇಳಿಸುತ್ತಾ ಓದಿದಳು. ಹಳ್ಳದ ಕಾಲುಸೇತುವೆಗೆ ಮೂಲೆ ಕೋಲು, ಆ ಗಂಟು, ಎರಡೂ ಮಂಜೂರಾಗಿವೆ. ನಕ್ಷೆ ಬರೆಯುವ ಹುದ್ದೆ ಈಶಪ್ಪನಿಗೆ, ಯಾಕೆಂದರೆ ಅವನ ಕೈ ಶುದ್ಧವಾಗಿದೆ. ಸಾಹೇಬರ ಮನೆಯಲ್ಲಿ ಬೇಗಮ್ ಸಾಹೇಬರಿಗೆ ಆ ಸೇತುವೆಯ ಸುದ್ದಿ ಹೇಳಲಾಗಿ, ಬರುವ ಈದ್ ಹಬ್ಬದ ಶಾವಿಗೆಗೆ ಅಂಥದೇ ಒಂದು ತಮಗೂ ಬೇಕೆಂದು ಅವರು ಹಟ ಹಿಡಿದಿದ್ದಾರೆ. ಮುನ್ಷಿ ಉಮಾಪತಿಯನ್ನು ಮೂರು ದಿನ ಕಚೇರಿ ಕೆಲಸದಿಂದ ಬಿಡಲಾಗಿದೆ. ಅವನು ತನ್ನ ಮನೆಯವರ ಕೈಕೆಳಗೆ, ಅವರು ಹೇಳಿದಂತೆ, ಅದನ್ನು ಮಾಡಿ ಒಪ್ಪಿಸತಕ್ಕದ್ದು.

ಫಕೀರಮ್ಮ ಮೊರದಲ್ಲಿ ಮುಖ ಮುಚ್ಚಿಕೊಂಡಳು, ಅವಳ ಹೆಗಲು ಕುಣಿಯುತ್ತಿದ್ದವು. ಖಾಜಾಬೀ ಕಾಗದವನ್ನು ನಾಜೂಕಾಗಿ ಮಡಿಚಿ ನನ್ನ ಕೈಗೆ ಕೊಟ್ಟಳು.

ಶೇಖರಮ್ಮ ನಗಲಿಲ್ಲ. ಎದ್ದು ಅಂಗಳಕ್ಕೆ ಹೋಗಿ, ಎರಡು ಕಟ್ಟೆಗಳ ನಡುವಿನ ಜಾಗವನ್ನು ಗೇಣು ಹಾಕಿ ಅಳೆದಳು. ವಾಪಸು ಬಂದು ನನ್ನ ಬೆರಳುಗಳನ್ನು ಹಿಡಿದು, ಮಗ್ಗುಲು ತಿರುಗಿಸಿ, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿದಳು.

"ಮೂರು ದಿನ ಸಾಲೂದಿಲ್ಲ. ಇನ್ನೊಂದು ದಿನ ಬೇಕಂತ ಅರ್ಜಿ ಬರೀರಿ."

ಮಸಿಯ ದೌತಿ, ಲೇಖನಿ ತಂದು ಕೂತೆ. ಹದಿನಾಲ್ಕು ವರ್ಷದಲ್ಲಿ ಬೇರೆಯವರದನ್ನು ನಕಲು ಮಾಡದೆ ನಾನೇ ಸ್ವಂತವಾಗಿ ಬರೆಯುವ ಮೊದಲ ಕಾಗದ ಅದು. ಅಕ್ಷರಗಳು ಚಂದ ಬರುತ್ತಿದ್ದವು. ಕಾರಣ ಬರೆಯುವ ಜಾಗಕ್ಕೆ ಬಂದು ಲೇಖನಿ ನಿಲ್ಲಿಸಿದೆ.

"ಕಾರಣ ಏನಂತ ಬರೀಲಿ?"

"ಗಂಟು ಹಾಕೂದು ಕಲಿಯಾಕತ್ತೀನಿ ಅಂತ ಬರೀರಿ" ಎಂದಳು. "ಖಾಜಾಬೀ, ಬರದಾರೋ ಇಲ್ಲೋ ಒಂಚೂರು ನೋಡವ್ವಾ."